ರತ್ನದೀಪ ಎಂಬ ವೈಫೈ

ಶಹಾಬಾದ
18 ಆಗಸ್ಟ್ 2024

ಪ್ರೀತಿಯ ತಂಗಿ ಭಾಗ್ಯಳಿಗೆ, ಅಣ್ಣ ಅಂಬಾರಾಯನ ಜೈಭೀಮ.

ಇಲ್ಲಿ ನಾನು ಕ್ಷೇಮ, ಸೊಸೆ ಲುಂಬಿನಿ ಕ್ಷೇಮ, ಅಪ್ಪ ಕಟ್ಟಿದ ಗೋಡೆಗಳು ನಮ್ಮಿಬ್ಬರಿಗಿಂತಲೂ ಕ್ಷೇಮ. ಈ ಪತ್ರವನ್ನು ಕುರ್ಚಿಯಲ್ಲಿ ಕುಳಿತೇ ಓದು. ಚಿಮ್ಮನಚೋಡದ ಪೋಸ್ಟ್‌ಮಾಸ್ತರಿಣಿ ಕೆಲಸದ ವೇಳೆಯಲ್ಲಿ ಆಶ್ಚರ್ಯದಿಂದ ಬಿದ್ದು ಸೊಂಟ ಮುರಿದುಕೊಂಡಳು ಎಂಬ ಅಪಕೀರ್ತಿ ನನಗೆ ಬೇಡ.

ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬರುತ್ತಿದೆ.

ಹೌದು, ಈ ಮನೆಗೇ. ಫೋನ್ ಬಂದರೆ ಎತ್ತದ, ಒಡಹುಟ್ಟಿದ ತಂಗಿಯೊಂದಿಗೂ ಕಾಗದದಲ್ಲೇ ಮಾತಾಡುವ ಮುದುಕನ ಮನೆಗೇ. ಸೇಡಂ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಬೀಗ ಹಾಕಿ ಬೈಕ್ ಹತ್ತಿದ ಮಗ ವಾಡಿಯ ತಿರುವಿನಲ್ಲೇ ಉಳಿದು ಎರಡು ವರ್ಷವಾಯಿತು. ಅವತ್ತು ಯಾರೋ ಫೋನ್ ಮಾಡಿ, "ನೀವು ರತ್ನದೀಪನ ಅಪ್ಪಾರೇನ್ರಿ?" ಎಂದು ಕೇಳಿದರು. ಹೌದೆಂದೆ. ಅದಾದ ಮೇಲೆ ನಾನು ಫೋನಿನಲ್ಲಿ ಯಾವ ಪ್ರಶ್ನೆಗೂ ಹೌದೆಂದಿಲ್ಲ. ಅದು ಸೈಲೆಂಟಾಗಿ ಕಪಾಟಿನ ಮೇಲೆ ಮಲಗಿರುತ್ತದೆ. ನಿವೃತ್ತ ರೈಲ್ವೆ ಗೂಡ್ಸ್ ಕ್ಲರ್ಕನಂತೆ, ನನ್ನಂತೆಯೇ.

ಆದರೆ ಲುಂಬಿನಿಗೆ ಕೆಲಸ ಸಿಕ್ಕಿದೆ. ಒಂದು ವಿಮಾ ಕಂಪನಿಯ ಗಿರಾಕಿಗಳ ತಕರಾರು ಕೇಳುವ ಕೆಲಸ. ಮನೆಯಲ್ಲೇ ಕುಳಿತು, ಕಿವಿಗೆ ಯಂತ್ರ ಹಾಕಿಕೊಂಡು ಮಾಡಬೇಕಂತೆ. ಮನೆಯಲ್ಲೇ ಎಂಬುದನ್ನು ನಾನು ತಿರುಗಿ ತಿರುಗಿ ಕೇಳಿ ಖಾತ್ರಿ ಮಾಡಿಕೊಂಡೆ. ಕೋಡ್ಲಾದ ಅವಳ ಅಪ್ಪ ಬಂದಾಗಲೆಲ್ಲ ಮಗಳನ್ನು ಕರೆದುಕೊಂಡು ಹೋಗುವ ಮಾತು ತೆಗೆಯುತ್ತಾನೆ. ಕೆಲಸ ಈ ಮನೆಯೊಳಗಿದ್ದರೆ ಅವಳೂ ಈ ಮನೆಯೊಳಗೇ ಇರುತ್ತಾಳೆ, ಲೆಕ್ಕ ಇಷ್ಟೇ. ಮಗ ಇಲ್ಲ, ಹೆಂಡತಿ ಅವನಿಗಿಂತ ಮೊದಲೇ ಹೋದಳು. ಈ ಹುಡುಗಿಯೂ ಹೋದರೆ ನಾನು ಮಾತಾಡಬೇಕಾದದ್ದು ಗೋಡೆಯೊಂದಿಗೆ. ಅದು ಶಹಾಬಾದಿ ಕಲ್ಲಿನದು, ಹೂಂಗುಟ್ಟುವ ಅಭ್ಯಾಸ ಅದಕ್ಕಿಲ್ಲ.

ನಿನ್ನ ಟಪಾಲು ಕಚೇರಿಗೆ ಇದರಿಂದ ನಷ್ಟವಿಲ್ಲ. ನಾನು ಬರೆಯುತ್ತಲೇ ಇರುತ್ತೇನೆ.

ನಿನ್ನ ಅಣ್ಣ
ಅಂಬಾರಾಯ


ಚಿಮ್ಮನಚೋಡ
27 ಆಗಸ್ಟ್ 2024

ಅಣ್ಣನಿಗೆ ಜೈಭೀಮ.

ಕುಳಿತೇ ಓದಿದೆ, ಬೀಳಲಿಲ್ಲ. ನಿನ್ನ ಲಕೋಟೆ ಬಂದ ದಿನ ನಮ್ಮ ಟಪಾಲು ಚೀಲ ಹೊರುವ ಬೀರಲಿಂಗ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೊಡುತ್ತಾನೆ. "ಬಾಯಾರ, ನಿಮ್ಮಣ್ಣಾರು ಒಬ್ಬರು ಇದ್ದಾರಂತ ಈ ಆಫೀಸ್ ನಡ್ಯಾಕತ್ತದ" ಅನ್ನುತ್ತಾನೆ. ಉಳಿದಂತೆ ಬರುವುದು ಬ್ಯಾಂಕಿನ ನೋಟೀಸು, ಆಧಾರ್ ಕಾರ್ಡು. ಕೈಬರಹ ಎಂಬುದು ನಿನ್ನದೊಂದೇ.

ಬ್ರಾಡ್‌ಬ್ಯಾಂಡ್ ಹಾಕಿಸುವುದು ಭಾಳ ಒಳ್ಳೆಯ ವಿಚಾರ. ಬೇಗ ಹಾಕಿಸು. ದಸರೆಗೆ ಮುಂಚೆ ಆದರೆ ಇನ್ನೂ ಒಳ್ಳೆಯದು. ವಿಡಿಯೋದಲ್ಲಿ ಒಬ್ಬರ ಮುಖ ಒಬ್ಬರು ನೋಡಬಹುದು. ಫೋನ್ ಎತ್ತುವುದಿಲ್ಲ ಎಂದು ಆಣೆ ಮಾಡಿದವನು ನೀನು. ಕಂಪ್ಯೂಟರಿನ ಮುಂದೆ ಕೂರುವುದಿಲ್ಲ ಎಂದೇನೂ ಆಣೆ ಮಾಡಿಲ್ಲವಲ್ಲ.

ಲುಂಬಿನಿಗೆ ಈಗ ಮೂವತ್ತು ತುಂಬಿತಲ್ಲವೇ? ನಗುತ್ತಾಳೇನು? ನಿನ್ನ ಪತ್ರದಲ್ಲಿ ಗೋಡೆಯ ಕ್ಷೇಮ ಇತ್ತು, ಈ ಸುದ್ದಿ ಇರಲಿಲ್ಲ.

ನಿನ್ನ ತಂಗಿ
ಭಾಗ್ಯ


ಶಹಾಬಾದ
8 ಸೆಪ್ಟೆಂಬರ್ 2024

ಪ್ರೀತಿಯ ಭಾಗ್ಯ,

ಕಾರ್ಯ ಸಾಂಗವಾಗಿ ನೆರವೇರಿತು. ವರದಿ ಒಪ್ಪಿಸುತ್ತೇನೆ.

ಬಂದವನು ಪಕ್ಕದ ಮನೆಯ ಮತೀನ. ಕೇಬಲ್ಲಿನ ಕೆಲಸ ಅವನದೇ. ಬೀದಿಯ ಕಂಬದಿಂದ ನೂಲಿನಂಥ ಒಂದು ವೈರನ್ನು ಎಳೆದು ತಂದ. ಇಷ್ಟು ಸಣ್ಣ ದಾರದಲ್ಲಿ ಇಡೀ ಪ್ರಪಂಚ ಹೇಗಪ್ಪಾ ಬರುತ್ತದೆ ಎಂದು ಕೇಳಿದೆ. "ಬೆಳಕಿನ ಮ್ಯಾಲ ಕುಂತು ಬರ್ತದ ಕಾಕಾ" ಎಂದ. ನಾನು ಮೂವತ್ತು ವರ್ಷ ವಾಡಿಯಲ್ಲಿ ವ್ಯಾಗನ್ ಎಣಿಸಿದವನು. ಸರಕು ಬೆಳಕಿನ ಮೇಲೆ ಕುಳಿತು ಬರುವುದನ್ನು ನಮ್ಮ ಇಲಾಖೆ ಕಂಡಿರಲಿಲ್ಲ.

ರೌಟರನ್ನು ಮೊದಲು ಬಾಗಿಲ ಪಕ್ಕ ಇಟ್ಟ. ಪಡಸಾಲೆಯಲ್ಲಿ ಸಿಗ್ನಲ್ ತುಂಬಿ ಹರಿಯಿತು. ಲುಂಬಿನಿಯ ಕೋಣೆಯಲ್ಲಿ ಒಂದು ಹನಿಯೂ ಇಲ್ಲ. ಅಡುಗೆಮನೆ ಬಾಗಿಲಿಗಿಟ್ಟ, ಅಲ್ಲಿಂದಲೂ ಇಲ್ಲ. ಮತೀನ ಫೋನ್ ಹಿಡಿದು, ಕಳೆದುಹೋದ ಆಡನ್ನು ಹುಡುಕುವವನಂತೆ ಮನೆಯೆಲ್ಲ ತಿರುಗಿದ. ಕೊನೆಗೆ ಗೋಡೆಯನ್ನು ಬಡಿದು ನೋಡಿ ನಿಟ್ಟುಸಿರಿಟ್ಟ.

"ಕಾಕಾ, ಈ ಗ್ವಾಡಿ ಯಾರು ಕಟ್ಟ್ಯಾರ್ರಿ?"

ನಮ್ಮಪ್ಪ, ಎಂದೆ. ಹಗಲೆಲ್ಲ ಗಣಿಯಲ್ಲಿ ಪರರ ಕಲ್ಲು ಸೀಳಿ, ಸಂಜೆ ಒಡಕು ಪರಸಿ ಕಲ್ಲುಗಳನ್ನು ಹೊತ್ತು ತಂದು ಒಂದರ ಮೇಲೊಂದು ಇಟ್ಟವನು. ಬೇಸಿಗೆ ಒಳಗೆ ಬರಬಾರದು ಎಂದು ಕಟ್ಟಿದ. ಈಗ ಏನೂ ಒಳಗೆ ಬರುವುದಿಲ್ಲ.

ನಡುಗೋಡೆಯಲ್ಲಿ ಒಂದು ಗೂಡು ಇದೆಯಲ್ಲ, ಅಲ್ಲಿ ಮಾತ್ರ ಗೋಡೆ ತೆಳು. ರೌಟರ್ ಅಲ್ಲಿಟ್ಟರೆ ಪಡಸಾಲೆಗೂ ಸಿಗ್ನಲ್, ಲುಂಬಿನಿಯ ಕೋಣೆಗೂ ಸಿಗ್ನಲ್. ಆ ಗೂಡಿನಲ್ಲಿ ಯಾರಿದ್ದರು ಎಂದು ನಿನಗೆ ಗೊತ್ತು. ಮತೀನನಿಗೂ ಗೊತ್ತು. ಅವನು ಮಾತಾಡದೆ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕತೊಡಗಿದ. ಆಗ ಲುಂಬಿನಿಯೇ ಬಂದು ರತ್ನದೀಪನ ಫೋಟೊ ತೆಗೆದು, ಸೆರಗಿನಿಂದ ಒರೆಸಿ, ಪಕ್ಕದ ಮೊಳೆಗೆ ತೂಗುಹಾಕಿದಳು. ದಿನಾ ಸಂಜೆ ಅಲ್ಲಿ ಹಚ್ಚುತ್ತಿದ್ದ ಮೇಣದಬತ್ತಿಗೂ ಈಗ ನಿಷೇಧ. "ಬತ್ತಿ ಹಚ್ಚಬ್ಯಾಡ್ರಿ ಕಾಕಾ, ರೌಟರ್ ಕರಗತದ" ಎಂದು ಮತೀನ ಬುದ್ಧಿ ಹೇಳಿ ಹೋಗಿದ್ದಾನೆ. ಚಿಂತೆಯಿಲ್ಲ. ರೌಟರಿಗೆ ತನ್ನವೇ ಹಸಿರು ದೀಪಗಳಿವೆ, ಗಾಳಿಗೆ ಆರುವುದಿಲ್ಲ.

ನಂತರ ನಾಮಕರಣ. ವೈಫೈಗೆ ಒಂದು ಹೆಸರು ಬೇಕಂತೆ. ಏನಿಡಲಿ ಎಂದು ಮತೀನ ಕೇಳಿದ. ನನ್ನ ಬಾಯಿಂದ ಬಂದದ್ದು ಒಂದೇ ಹೆಸರು. ತೊಟ್ಟಿಲಲ್ಲಿ ಮಗುವಿನ ಕಿವಿಗೆ ಹೆಸರು ಊದುವುದು ಸೋದರತ್ತೆಯ ಹಕ್ಕು. ಮೊದಲ ಸಲ ನೀನು ಊದಿದ್ದೆ. ಎರಡನೇ ಸಲ ನಿನ್ನನ್ನು ಕೇಳದೆ ನಾನೇ ಊದಿದ್ದೇನೆ. ಆಕ್ಷೇಪವಿದ್ದರೆ ಲಿಖಿತವಾಗಿ ಸಲ್ಲಿಸು.

ಕೊನೆಗೆ ರತ್ನದೀಪನ ಹಳೆಯ ಲ್ಯಾಪ್‌ಟಾಪ್. ಅದರ ಪಾಸ್‌ವರ್ಡ್ ಲುಂಬಿನಿಗೆ ಗೊತ್ತಿತ್ತು. ಏನೆಂದು ನಾನು ಕೇಳಲಿಲ್ಲ. ಮತೀನ ನನ್ನ ಫೋನಿನಲ್ಲೂ ಒಂದು ಆ್ಯಪ್ ಹಾಕಿಕೊಟ್ಟ. ಮನೆಯ ವೈಫೈಗೆ ಯಾರು ಯಾರು ಕೂಡಿಕೊಂಡಿದ್ದಾರೆ ಎಂದು ಅದು ತೋರಿಸುತ್ತದೆ, ಶಾಲೆಯ ಹಾಜರಿಯಂತೆ. ಲುಂಬಿನಿಯ ಫೋನು, ನನ್ನ ಫೋನು, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ "ರತ್ನದೀಪ ಪಿಸಿ". ಮುಂದೆ ಹಸಿರು ಚುಕ್ಕೆ. ಕೆಳಗೆ "ಕನೆಕ್ಟೆಡ್".

ಮತೀನನಿಗೆ ಚಹಾ ಕೊಡುವುದನ್ನು ಮರೆತೆ. ಅವನು ಯಾವಾಗ ಹೋದನೋ ಗೊತ್ತಾಗಲಿಲ್ಲ.

ಅಂಬಾರಾಯ


ಚಿಮ್ಮನಚೋಡ
20 ಸೆಪ್ಟೆಂಬರ್ 2024

ಅಣ್ಣಾ,

ಆಕ್ಷೇಪವಿಲ್ಲ. ಆದರೆ ನಿನ್ನ ಪತ್ರ ಓದಿದ ಮೇಲೆ ಬೀರಲಿಂಗನನ್ನು ಕೌಂಟರಿಗೆ ಕೂಡಿಸಿ ಸ್ವಲ್ಪ ಹೊತ್ತು ಹೊರಗೆ ಬೇವಿನ ಗಿಡದ ಕೆಳಗೆ ನಿಂತು ಬಂದೆ.

ಕಂಪ್ಯೂಟರಿನ ಹೆಸರನ್ನು ಬದಲು ಮಾಡಲು ಬರುತ್ತದೆ ಎಂದು ಕೇಳಿದ್ದೇನೆ. ಈಗ ಅದರಲ್ಲಿ ಕೆಲಸ ಮಾಡುವವಳು ಲುಂಬಿನಿ. ಮಾಡು ಎಂದು ಹೇಳುತ್ತಿಲ್ಲ. ಬರುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ. ಮೊನ್ನೆ ಕಚೇರಿ ಕೆಲಸಕ್ಕೆ ಚಂದಾಪುರಕ್ಕೆ ಹೋಗಿದ್ದೆ. ಅಲ್ಲಿ ತಾಲ್ಲೂಕು ಕಚೇರಿಯಲ್ಲಿ ಸುರೇಶಕುಮಾರ ಅಂತ ಒಬ್ಬರಿದ್ದಾರೆ, ನಮ್ಮವರೇ. ಹೆಂಡತಿ ತೀರಿಕೊಂಡಿದ್ದಾರೆ, ಶಾಲೆಗೆ ಹೋಗುವ ಮಗಳಿದ್ದಾಳೆ, ಸಂಘಮಿತ್ರಾ ಅಂತ. ಮಾತು ಕಡಿಮೆ. ನಿಮ್ಮ ಮನೆಯ ಬ್ರಾಡ್‌ಬ್ಯಾಂಡ್ ಸುದ್ದಿ ಹೇಳಿದೆ. ಭಾಳ ಆಸಕ್ತಿಯಿಂದ ಕೇಳಿದರು. ಚಂದಾಪುರದಲ್ಲೂ ಮನೆಯಲ್ಲಿ ಕುಳಿತು ಇಂಥ ಕೆಲಸ ಮಾಡಲು ಆಗುತ್ತದೆಯೇ, ರೌಟರ್ ಎಲ್ಲಿ ಇಡಬೇಕು ಎಂದೆಲ್ಲ ವಿಚಾರಿಸಿದರು. ಅವರ ವಿಷಯ ಲುಂಬಿನಿಗೂ ಹೇಳಿದ್ದೇನೆ. ನೀನೂ ನಿನ್ನ ಅಭಿಪ್ರಾಯ ಬರೆ.

ಭಾಗ್ಯ


ಶಹಾಬಾದ
30 ಸೆಪ್ಟೆಂಬರ್ 2024

ಪ್ರೀತಿಯ ಭಾಗ್ಯ,

ಸುರೇಶಕುಮಾರರ ವಿಷಯದಲ್ಲಿ ನನ್ನ ಅಭಿಪ್ರಾಯ: ಅವರ ಮನೆ ಇಟ್ಟಂಗಿಯದಾಗಿದ್ದರೆ ನಡುಮನೆಯಲ್ಲಿ, ಎತ್ತರದಲ್ಲಿ ರೌಟರ್ ಇಡಲಿ. ಕಲ್ಲಿನದಾಗಿದ್ದರೆ ಮೊದಲು ಗೂಡು ಹುಡುಕಲಿ. ಟಿ.ವಿ. ಹಿಂದೆ, ಕಬ್ಬಿಣದ ಕಪಾಟಿನ ಬದಿಯಲ್ಲಿ ಕೂಡದು. ಹೆಂಡತಿ ಕಳೆದುಕೊಂಡ ಮನುಷ್ಯ, ಮನೆಯಲ್ಲಿ ಹೇಳುವವರಿಲ್ಲ. ಬೇಕಾದರೆ ವಿಡಿಯೋದಲ್ಲಿ ನಾನೇ ವಿವರಿಸುತ್ತೇನೆ. ನನ್ನಂಥ ತಜ್ಞ ಈ ಭಾಗದಲ್ಲಿ ಅಪರೂಪ.

ಇಲ್ಲಿ ಲುಂಬಿನಿಯ ಕೆಲಸ ಸುಸೂತ್ರವಾಗಿ ನಡೆದಿದೆ. ಬೆಳಿಗ್ಗೆ ಬಾಗಿಲು ಮುಂದೆ ಮಾಡಿ ಕೂರುತ್ತಾಳೆ. ಆಮೇಲೆ ಒಳಗಿನಿಂದ ಒಂದು ಹೊಸ ದನಿ ಕೇಳುತ್ತದೆ: "ನಮಸ್ಕಾರ, ನಾನು ಲುಂಬಿನಿ ಮಾತಾಡ್ತಾ ಇದ್ದೀನಿ. ನಿಮಗೆ ಹೇಗೆ ಸಹಾಯ ಮಾಡಲಿ?" ಥೇಟ್ ಬೆಂಗಳೂರು. ಕೋಡ್ಲಾದ ಹುಡುಗಿ ಇಷ್ಟು ಮೆತ್ತಗೆ ಮಾತಾಡುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಯಾರು ಬೈದರೂ ದನಿ ಏರುವುದಿಲ್ಲ. ಕೊನೆಗೆ ತಪ್ಪದೆ, "ಬೇರೆ ಏನಾದರೂ ತೊಂದರೆ ಇದೆಯಾ?" ಎಂದು ಕೇಳುತ್ತಾಳೆ. ಇಡೀ ದಿನ, ಊರವರನ್ನೆಲ್ಲ. ಸಂಜೆ ಹೊರಗೆ ಬಂದು ನನ್ನ ಮುಂದೆ ರೊಟ್ಟಿ ಪಲ್ಲೆ ಇಡುವಾಗ ಬಾಯಲ್ಲಿ ಒಂದು ಮಾತೂ ಉಳಿದಿರುವುದಿಲ್ಲ.

ನಗುತ್ತಾಳೇನು ಎಂದು ನೀನು ಕೇಳಿದ್ದೆ. ಗಿರಾಕಿಗಳೊಂದಿಗೆ ನಗುತ್ತಾಳೆ. ಗೋಡೆಯ ಈಚೆಗೆ ಕೇಳಿಸುತ್ತದೆ.

ನನ್ನ ದಿನಚರಿಯೂ ಬದಲಾಗಿದೆ. ಕಪಾಟಿನ ಮೇಲಿದ್ದ ಫೋನ್ ಈಗ ಅಂಗಿಯ ಕಿಸೆಯಲ್ಲಿದೆ. ಸೈಲೆಂಟೇ, ಗಾಬರಿಯಾಗಬೇಡ. ಆದರೆ ಆಗಾಗ ಹಾಜರಿ ನೋಡುತ್ತೇನೆ. ರತ್ನದೀಪ ಬೆಳಿಗ್ಗೆ ಬರುತ್ತಾನೆ, ಮಧ್ಯಾಹ್ನ ಊಟದ ಹೊತ್ತಿಗೆ ಹೋಗುತ್ತಾನೆ, ಮತ್ತೆ ಬರುತ್ತಾನೆ. ಬದುಕಿದ್ದಾಗ ಇಷ್ಟು ಶಿಸ್ತು ಇರಲಿಲ್ಲ. ಕಂಪ್ಯೂಟರಿನ ಹೆಸರು ಬದಲು ಮಾಡಲು ಬರುತ್ತದೆ ಎಂದೆಯಲ್ಲ. ನಾನು ಓದಲಿಲ್ಲ ಎಂದು ತಿಳಿ.

ಅಂಬಾರಾಯ


ಚಿಮ್ಮನಚೋಡ
9 ಅಕ್ಟೋಬರ್ 2024

ಅಣ್ಣಾ,

ನಿನ್ನ ಪತ್ರ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನು ಸುತ್ತಿ ಬಳಸಿ ಬರೆಯುವುದರಲ್ಲಿ ಅರ್ಥವಿಲ್ಲ.

ಸುರೇಶಕುಮಾರರು ರೌಟರಿಗಾಗಿ ವಿಚಾರಿಸಲಿಲ್ಲ, ಲುಂಬಿನಿಗಾಗಿ ವಿಚಾರಿಸಿದರು. ಮದುವೆಯ ಮೇಲೆ ಅವಳ ಕೆಲಸ ಬಿಡಿಸಬಾರದು ಎಂಬುದು ಅವರ ಮನಸ್ಸಿನಲ್ಲಿದೆ, ಅದಕ್ಕೇ ಕೇಳಿದ್ದು. ಬೇಸಿಗೆಯಲ್ಲಿ ನಾನು ಶಹಾಬಾದಕ್ಕೆ ಬಂದಿದ್ದೆನಲ್ಲ, ಆಗ ಮರುಮದುವೆಯ ಬಗ್ಗೆ ಲುಂಬಿನಿಯೊಂದಿಗೆ ಮಾತಾಡಿದ್ದೆ. ಅವಳು ಇಲ್ಲ ಎನ್ನಲಿಲ್ಲ. ಹೌದು ಎನ್ನಲಿಕ್ಕೆ ನಿನ್ನ ಮುಖ ನೋಡಿದಳು. ನಿನಗೆ ಹೇಳುವ ಕೆಲಸ ನನ್ನದೆಂದು ಒಪ್ಪಿಕೊಂಡೆ. ಒಪ್ಪಿಕೊಂಡು ನಾಲ್ಕು ತಿಂಗಳಾಯಿತು, ಬ್ರಾಡ್‌ಬ್ಯಾಂಡ್ ಹಾಕಿಸು ಎಂದಷ್ಟೇ ಬರೆದಿದ್ದೇನೆ.

ಇದೇ ಭಾನುವಾರ ಹನ್ನೊಂದಕ್ಕೆ ಅವರು ಮಗಳೊಂದಿಗೆ ನನ್ನ ಮನೆಗೆ ಬರುತ್ತಾರೆ. ವಿಡಿಯೋದಲ್ಲಿ ಲುಂಬಿನಿಯನ್ನು ನೋಡುತ್ತಾರೆ. ನೀನು ಹಿರಿಯನಾಗಿ ಜೊತೆಗೆ ಕೂರಬೇಕು. ಒಲ್ಲದಿದ್ದರೆ ಲುಂಬಿನಿಗೆ ಹೇಳು, ಮುಂದೂಡುತ್ತೇನೆ. ಈ ಪತ್ರ ಶುಕ್ರವಾರ ನಿನ್ನ ಕೈ ಸೇರುತ್ತದೆ. ಎರಡು ದಿನ ಸಿಟ್ಟು ಮಾಡಿಕೋ. ಭಾನುವಾರ ಇಸ್ತ್ರಿಯ ಅಂಗಿ ಹಾಕಿಕೊಂಡು ಕೂರು.

ಭಾಗ್ಯ


ಶಹಾಬಾದ
13 ಅಕ್ಟೋಬರ್ 2024, ಭಾನುವಾರ

ಭಾಗ್ಯ,

ಈ ಬಗ್ಗೆ ನಿನ್ನಿಂದ ನನಗೆ ಯಾವ ಪತ್ರವೂ ಬಂದಿಲ್ಲ. "ಅತ್ತಿ ಬರದಾರಲ್ರಿ ಮಾವ, ನಿಮಗ ಗೊತ್ತದ ಅನ್ಕೊಂಡಿದ್ದೆ" ಎನ್ನುತ್ತಾಳೆ ಲುಂಬಿನಿ. ನನಗೆ ಗೊತ್ತಿದ್ದದ್ದು ಅತ್ತೆ ವಿಡಿಯೋದಲ್ಲಿ ಬರುತ್ತಾಳೆ ಎಂದಷ್ಟೇ. ನನ್ನ ಮುಖ ನೋಡಲಿಕ್ಕೆ ಎಂದುಕೊಂಡು ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಕೂತೆ.

"ಇವರು ಸುರೇಶಕುಮಾರ" ಎಂದೆ ನೀನು. ನಾನು ಏನು ಮಾಡಿದೆ ಎಂದು ನೀನೇ ಕಂಡೆಯಲ್ಲ. ಆ ಮನುಷ್ಯನಿಗೆ ಕಲ್ಲಿನ ಗೋಡೆ, ಇಟ್ಟಂಗಿ ಗೋಡೆ, ಗೂಡು, ಎತ್ತರ, ಕಬ್ಬಿಣದ ಕಪಾಟು ಎಲ್ಲ ಉಪದೇಶಿಸಿದೆ. ನೀವೆಲ್ಲ ತಲೆ ತಗ್ಗಿಸಿ ಕೇಳುತ್ತಿದ್ದಿರಿ. ನನ್ನ ಪಾಂಡಿತ್ಯಕ್ಕೆ ಮಾರುಹೋಗಿದ್ದೀರಿ ಎಂದುಕೊಂಡೆ. ಆಗ ಅವರ ಮಗಳು ಮುಂದೆ ಬಂದು ಲುಂಬಿನಿಯನ್ನು ಕೇಳಿದಳು.

"ನೀವು ನಮ್ಮನಿಗಿ ಬಂದ್ರ ಕಂಪ್ಯೂಟರ್ ನನ್ನ ಖೋಲ್ಯಾಗ ಇಡ್ತೀರೇನ್ರಿ?"

ಈ ಮನೆಯಿಂದ ಅವಳು ಹೋಗಬಾರದು ಎಂದು ವೈರು ಎಳೆಸಿದೆ, ಮಗನ ಫೋಟೊ ಇಳಿಸಿದೆ, ಬತ್ತಿ ನಿಲ್ಲಿಸಿದೆ. ಆ ವೈರಿನೊಳಗಿಂದಲೇ ಅವಳನ್ನು ಕೇಳಲು ಬಂದರು, ನಾನು ಅವರಿಗೆ ರೌಟರ್ ಇಡುವ ಜಾಗ ತೋರಿಸಿಕೊಟ್ಟೆ. ಇದಕ್ಕಿಂತ ದೊಡ್ಡ ತಮಾಷೆ ನಾನು ಹುಟ್ಟಿದಾಗಿನಿಂದ ಮಾಡಿಲ್ಲ.

ಇನ್ನು ಬರೆಯಬೇಡ.

ಅಂಬಾರಾಯ


ಚಿಮ್ಮನಚೋಡ
19 ಅಕ್ಟೋಬರ್ 2024

ಅಣ್ಣಾ,

ನನ್ನ ಪತ್ರ ಹಬ್ಬ ಕಳೆದ ಮೇಲೆ ನಿನ್ನ ಕೈ ಸೇರಿರಬೇಕು. ಶುಕ್ರವಾರ ರಜೆ, ಶನಿವಾರ ವಿಜಯದಶಮಿ, ಮರುದಿನ ಭಾನುವಾರ. ಆ ರಜೆಗಳ ಬೋರ್ಡನ್ನು ಕಚೇರಿಯ ಬಾಗಿಲಿಗೆ ತೂಗುಹಾಕಿದವಳು ನಾನೇ. ಚಂದಾಪುರದವರಿಗೆ ಯಾವ ಬಸ್ಸು, ಅಡುಗೆ ಏನು ಎಂಬ ಗಡಿಬಿಡಿಯಲ್ಲಿ ನನ್ನ ಪತ್ರಕ್ಕೂ ಅದೇ ರಜೆ ಅನ್ವಯಿಸುತ್ತದೆ ಎಂದು ಹೊಳೆಯಲೇ ಇಲ್ಲ. ಟಪಾಲಿನ ಕೆಲಸದಲ್ಲಿ ಕೂದಲು ಬೆಳ್ಳಗಾದ ನಾನು ಇದನ್ನು ಯಾರ ಮುಂದೆ ಹೇಳಲಿ?

ವಿಷಯ ಮುಚ್ಚಿಟ್ಟಿದ್ದಕ್ಕೆ ಬೈಯಿ. ವಿಷಯಕ್ಕೆ ಬೈಯಬೇಡ.

ಭಾಗ್ಯ


ಚಿಮ್ಮನಚೋಡ
2 ನವೆಂಬರ್ 2024

ಅಣ್ಣಾ,

ಉತ್ತರವಿಲ್ಲ. ಬೀರಲಿಂಗ ಚೀಲ ತಲೆಕೆಳಗು ಮಾಡಿ ಕೊಡವಿ ತೋರಿಸುತ್ತಾನೆ.

ನೀನು ಬರೆಯದಿದ್ದರೂ ಸುದ್ದಿ ಬರುತ್ತದೆ. ಮನೆಯ ಬ್ರಾಡ್‌ಬ್ಯಾಂಡ್ ಕೆಟ್ಟಿದೆಯಂತೆ. ಲುಂಬಿನಿ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಮತೀನನ ಹೆಂಡತಿ ಉಜ್ಮಾಳ ಮನೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ ಕುಳಿತು ಕೆಲಸ ಮಾಡುತ್ತಿದ್ದಾಳಂತೆ. ಯಂತ್ರದ ಸದ್ದಿಗೆ ಗಿರಾಕಿಗಳು ರೇಗುತ್ತಾರಂತೆ. ಕಂಪನಿಯವರು ಎಚ್ಚರಿಕೆ ಕೊಟ್ಟಿದ್ದಾರಂತೆ. ವೈರು ಎಲ್ಲೋ ತುಂಡಾಗಿದೆ ಎಂದು ನೀನು ಹೇಳಿದೆಯಂತೆ.

ವೈರು ತುಂಡಾಗಿಲ್ಲ ಎಂದು ಮತೀನನಿಗೆ ಗೊತ್ತು. ರೌಟರಿನ ಹಿಂದಿನ ಪ್ಲಗ್ ನೀನು ಕಿತ್ತಿದ್ದನ್ನು ಲುಂಬಿನಿ ಮೊದಲ ದಿನವೇ ನೋಡಿದ್ದಾಳೆ. ಅವಳು ಅದನ್ನು ತಿರುಗಿ ಹಾಕಲಿಲ್ಲ. ನೀನೇ ಹಾಕುತ್ತೀಯೇನೋ ಎಂದು ಕಾದಳಂತೆ. ಇದನ್ನು ಹೇಳುವಾಗ ಅವಳು ನಿನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಅದನ್ನು ನನಗೆ ತಡೆದುಕೊಳ್ಳಲು ಆಗಲಿಲ್ಲ.

ಭಾಗ್ಯ


ಶಹಾಬಾದ
17 ನವೆಂಬರ್ 2024

ಭಾಗ್ಯ,

ಪ್ಲಗ್ ಹಾಕಿದ್ದೇನೆ.

ನಿನ್ನ ಪತ್ರ ಬಂದ ದಿನ ಉಜ್ಮಾಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತೆ. ಲುಂಬಿನಿ ಒಂದು ಕೈಯಿಂದ ಕಿವಿ ಮುಚ್ಚಿಕೊಂಡು ಯಾರದೋ ಬೈಗುಳ ಕೇಳುತ್ತಿದ್ದಳು. ಅದೇ ಮೆತ್ತಗಿನ ದನಿ. "ಕ್ಷಮಿಸಿ ಸರ್, ಇಲ್ಲಿ ಸ್ವಲ್ಪ ಸದ್ದಿದೆ." ನನ್ನನ್ನು ನೋಡಿ ಉಜ್ಮಾ ಹೊಲಿಗೆ ನಿಲ್ಲಿಸಿದಳು. "ಕಾಕಾ ಬಂದ್ರು ನೋಡವ್ವ, ವೈರ್ ಸಿಕ್ಕಂಗ ಕಾಣಸ್ತದ" ಎಂದಳು. ಇಷ್ಟು ದಿನ ಅವರ ಮನೆಯ ಉಪ್ಪಿಟ್ಟು ಉಂಡು ಅವರಿಗೇ ಸುಳ್ಳು ಹೇಳಿದವನು, ನನಗೆ ಇದು ಬೇಕಾಗಿತ್ತು.

ಲ್ಯಾಪ್‌ಟಾಪನ್ನು ನಾನೇ ಹೊತ್ತುಕೊಂಡು ಬಂದೆ. ಅವಳು ಹಿಂದೆ ಬಂದಳು. ಮನೆಗೆ ಬಂದು ಗೂಡಿನ ಮುಂದೆ ಕುಳಿತು ಪ್ಲಗ್ ಸಿಕ್ಕಿಸಿದೆ. ಒಂದೊಂದೇ ದೀಪ ಹತ್ತತೊಡಗಿತು. ದಿನವೆಲ್ಲ ಗೋಡೆಯಾಚೆಯಿಂದ ಕೇಳಿದ ಆ ಪ್ರಶ್ನೆಯೇ ಬಾಯಿಗೆ ಬಂತು. ಬೇರೆ ಏನಾದರೂ ತೊಂದರೆ ಇದೆಯೇನಮ್ಮ, ಎಂದೆ.

ಮೊದಲು ನಕ್ಕಳು. ಆಮೇಲೆ ನಗು ನಿಂತಿತು. ಭಾಗ್ಯ, ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

"ತೊಂದರಿ ಏನಿಲ್ರಿ ಮಾವ. ನೀವು ನನ್ನ ಭಾಳ ಛಲೋ ನೋಡ್ಕೊಂಡೀರಿ. ಆದ್ರ ಎರಡು ವರ್ಷದಿಂದ ನನ್ನ ಮಾರಿ ನೋಡಿದಾಗೆಲ್ಲ ನೀವು ನನ್ನ ನೋಡೂದಿಲ್ಲ. ನನ್ನ ಹಿಂದ ಯಾರರ ನಿಂತಾರೇನು ಅಂತ ನೋಡ್ತೀರಿ. ನಾನೂ ಹೊಳ್ಳಿ ಹೊಳ್ಳಿ ನೋಡಿ ಸಾಕಾಗೇದ."

ಹಾಗಿಲ್ಲ ಎನ್ನಲು ತಲೆ ಎತ್ತಿದೆ. ಆಗಲೂ ನನ್ನ ಕಣ್ಣು ಅವಳ ಭುಜದ ಮೇಲಿಂದ ಹಾದು ಮೊಳೆಗೆ ಹಾಕಿದ ಫೋಟೊದ ಕಡೆಗೇ ಹೋಯಿತು. ಅವಳು ಅದನ್ನು ಕಂಡಳು.

ಚಂದಾಪುರದವರಿಗೆ ಹೇಳು, ಮಾತುಕತೆಗೆ ಬರಲಿ. ಗೋಡೆಯ ಉಪದೇಶ ಈ ಸಲ ಇರುವುದಿಲ್ಲ.

ಅಂಬಾರಾಯ


ಚಿಮ್ಮನಚೋಡ
27 ಜನವರಿ 2025

ಅಣ್ಣಾ,

ಮದುವೆಯ ದಿನ ಬುದ್ಧ ವಿಹಾರದಲ್ಲಿ ನೀನು ಎಲ್ಲರ ಕಾಲೆಳೆದು ನಗಿಸಿದೆ. ಲುಂಬಿನಿಯ ಅಪ್ಪನನ್ನೂ ನಗಿಸಿದೆ. ಮನೆಗೆ ಹೋಗೋಣ ಎಂದರೆ ಬಸ್ಸಿನ ಹೊತ್ತಾಯಿತು ಎಂದು ಹೊರಟುಬಿಟ್ಟೆ. ನಿನ್ನ ಬಸ್ಸಿಗೆ ಇನ್ನೂ ಭಾಳ ಹೊತ್ತಿತ್ತು. ಊರಿಗೂರು ಟಪಾಲು ಕಳಿಸುವವಳಿಗೆ ಬಸ್ಸಿನ ವೇಳೆ ಹೇಳಿಕೊಡುತ್ತೀಯಾ?

ಲುಂಬಿನಿ ಬಾಗಿಲಲ್ಲಿ ನಿನಗಾಗಿ ಕಾದಳು. ಅಷ್ಟೇ ಬರೆಯುತ್ತೇನೆ, ಉಳಿದದ್ದು ಬರೆಯುವುದಿಲ್ಲ.

ಅವರ ಮನೆಗೆ ಬ್ರಾಡ್‌ಬ್ಯಾಂಡ್ ಬಂದಿದೆ. ಕಂಪನಿಯವರೂ ಹೊಸ ಕಂಪ್ಯೂಟರ್ ಕಳಿಸಿದ್ದಾರೆ. ರತ್ನದೀಪನ ಲ್ಯಾಪ್‌ಟಾಪನ್ನು ಲುಂಬಿನಿ ನಿನ್ನಲ್ಲೇ ಬಿಟ್ಟು ಬಂದದ್ದು ಅದಕ್ಕೇ. ಒಮ್ಮೆ ಹೋಗಿ ಬಾ. ವಾಡಿ, ಚಿತ್ತಾಪುರ, ಸೇಡಂ ಮೇಲೆ ಬಂದರೆ ಹತ್ತಿರ. ನೀನು ಆ ದಾರಿ ಬಿಟ್ಟು ಕಲಬುರಗಿ ಸುತ್ತಿ ಬರುತ್ತೀ ಎಂದು ಗೊತ್ತು. ಹೇಗಾದರೂ ಬಾ.

ಭಾಗ್ಯ


ಶಹಾಬಾದ
23 ಫೆಬ್ರವರಿ 2025

ಪ್ರೀತಿಯ ಭಾಗ್ಯ,

ಹೋಗಿ ಬಂದೆ. ವರದಿ ಒಪ್ಪಿಸುತ್ತೇನೆ.

ಮೊದಲು ಈ ಮನೆಯ ಸ್ಥಿತಿ ಹೇಳಿಬಿಡುತ್ತೇನೆ. ಲುಂಬಿನಿ ಹೋದ ಮೇಲೆ ದಿನಾ ಬೆಳಿಗ್ಗೆ ಆ ಲ್ಯಾಪ್‌ಟಾಪ್ ಹಚ್ಚುತ್ತಿದ್ದೆ. ಪಾಸ್‌ವರ್ಡ್ ನನಗೆ ಗೊತ್ತಿಲ್ಲ, ಬೇಕಾಗಿಯೂ ಇರಲಿಲ್ಲ. ಹಚ್ಚಿದರೆ ಸಾಕು, ಫೋನಿನಲ್ಲಿ ಹಸಿರು ಚುಕ್ಕೆ ಬರುತ್ತಿತ್ತು. ರತ್ನದೀಪ ಹಾಜರು, ನಾನು ಹಾಜರು. ಒಂದು ದಿನ ಉಜ್ಮಾ ಬಂದು, ಯಾರೂ ಮುಟ್ಟದ ಕಂಪ್ಯೂಟರ್ ದಿನವಿಡೀ ಗುಂಯ್ ಅನ್ನುವುದನ್ನು ನೋಡಿ ಹಾಗೇ ತಿರುಗಿ ಹೋದಳು. ಮರುದಿನ ಬುತ್ತಿ ಕಟ್ಟಿ ತಂದಳು. ಚಂದಾಪುರದ ಬಸ್ಸಿಗೆ, ಎಂದಳು. ಮತೀನ ಬಸ್‌ಸ್ಟ್ಯಾಂಡಿನವರೆಗೂ ಬಂದು, ನಾನು ಇಳಿದುಬಿಡದಂತೆ ಬಸ್ಸು ಬಿಡುವತನಕ ಕಿಟಕಿಯ ಕೆಳಗೆ ಕಾವಲು ನಿಂತ.

ವಾಡಿಯ ಮೇಲೇ ಹೋದೆ. ತಿರುವು ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆಗೆದಾಗ ಚಿತ್ತಾಪುರ ಬಂದಿತ್ತು. ನೋಡಬೇಕಾದದ್ದನ್ನು ಬರುವಾಗ ನೋಡಿದೆ. ಸಣ್ಣ ತಿರುವು, ಒಂದು ಜಾಲಿ ಗಿಡ, ಒಂದು ಪಂಕ್ಚರ್ ಅಂಗಡಿ. ಅಷ್ಟೇ.

ಚಂದಾಪುರದಲ್ಲಿ ಇಳಿದು ಮನೆ ಹುಡುಕಿಕೊಂಡು ಹೋದೆ. ಇಟ್ಟಂಗಿ ಗೋಡೆಯ ಮನೆ, ಸುರೇಶಕುಮಾರರಿಗೆ ಗೂಡಿನ ಕಷ್ಟವಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಕಿಸೆಯಲ್ಲಿ ಫೋನ್ ಗಡಗಡ ನಡುಗಿತು. ತೆಗೆದು ನೋಡಿದರೆ ಅದು ತಾನಾಗಿಯೇ ವೈಫೈಗೆ ಕೂಡಿಕೊಂಡಿತ್ತು. ಯಾರೂ ಏನೂ ಒತ್ತಿರಲಿಲ್ಲ. ಹೆಸರು "ರತ್ನದೀಪ" ಎಂದಿತ್ತು.

ಶಹಾಬಾದದ ಸಿಗ್ನಲ್ ಸೇಡಂ ದಾಟಿ ಇಲ್ಲಿಯವರೆಗೆ ಬಂತೇ ಎಂದು ಒಂದು ಗಳಿಗೆ ನಿಜವಾಗಿಯೂ ಅಂದುಕೊಂಡೆ. ಬೇಕಾದರೆ ನಗು. ಆ ಬಾಗಿಲಲ್ಲಿ ನೀನಿದ್ದಿದ್ದರೆ ನೀನೂ ಅಂದುಕೊಳ್ಳುತ್ತಿದ್ದೆ.

ಲುಂಬಿನಿ ಹೊರಗೆ ಬಂದಳು. ನನ್ನ ಕೈಯಲ್ಲಿದ್ದ ಫೋನ್ ನೋಡಿದಳು. ಹೆಸರೂ ಪಾಸ್‌ವರ್ಡೂ ಎರಡೂ ಅಲ್ಲಿನವೇ ಇಟ್ಟಿದ್ದೇನೆ ಎಂದಳು. ಹೀಗಿಟ್ಟರೆ ಹಳೆಯ ಫೋನುಗಳು ಕೇಳದೆ ಕೂಡಿಕೊಳ್ಳುತ್ತವಂತೆ. "ನೀವು ಬಂದಾಗ ಪಾಸ್‌ವರ್ಡ್ ಕೇಳಬಾರದಲ್ರಿ ಮಾವ, ಅದಕ್ಕ" ಎಂದು ಮಾತು ಅಷ್ಟಕ್ಕೇ ಬಿಟ್ಟಳು.

ನಾನು ಸುರೇಶಕುಮಾರರ ಮುಖ ನೋಡಲು ಹೆದರಿದೆ. ಅವರ ಮನೆಯ ಗಾಳಿಯಲ್ಲಿ ನನ್ನ ಮಗನ ಹೆಸರು. ಆ ಮಾತು ಕಡಿಮೆಯ ಮನುಷ್ಯ ನೀರು ತಂದು ಕೊಟ್ಟು ಹೇಳಿದರು: "ಇರ್ಲಿ ಬಿಡ್ರಿ ಸರ್. ನಮ್ಮನಿ ಗ್ಯಾಸ್ ಇನ್ನೂ ನಮ್ಮಾಕಿ ಹೆಸರಲೇ ಬರ್ತದ. ನಾ ಏನ್ ಬದಲಿ ಮಾಡೀನಿ?"

ಊಟವಾದ ಮೇಲೆ ಸಂಘಮಿತ್ರಾ ತಾಯಿಯ ಫೋನ್ ತಂದು ತೋರಿಸಿದಳು. ತಾಯಿ ಎಂದೇ ಬರೆದಿದ್ದೇನೆ, ಆ ಹುಡುಗಿ ಹಾಗೇ ಕರೆಯುತ್ತಾಳೆ. ಅದರಲ್ಲಿ ಅವರ ಮನೆಯ ಹಾಜರಿ ಇತ್ತು. ಲುಂಬಿನಿ, ಸುರೇಶಕುಮಾರ, ಸಂಘಮಿತ್ರಾ. ನಾಲ್ಕನೆಯದು ಅಂಬಾರಾಯ. ಮುಂದೆ ಹಸಿರು ಚುಕ್ಕೆ.

"ಅಜ್ಜ, ನೀವೂ ಬಂದೀರಿ ನೋಡ್ರಿ" ಎಂದಳು.

ಹೊರಡುವಾಗ ಲುಂಬಿನಿ ಬಾಗಿಲವರೆಗೂ ಬಂದಳು. ಅವಳ ಮುಖ ನೋಡಿದೆ. ಹಣೆಯ ಬಲಗಡೆ ಒಂದು ಸಣ್ಣ ಮಚ್ಚೆ ಇದೆ, ಭಾಗ್ಯ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೆವು. ನಾನು ಅದನ್ನು ಕಂಡಿರಲಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪ್ ಹಚ್ಚಲಿಲ್ಲ. ಒಳಗಿನ ಕೋಣೆಗೆ ಇನ್ನು ಸಿಗ್ನಲ್ ಬೇಕಾಗಿಲ್ಲ. ರೌಟರನ್ನು ಮತೀನನಿಂದ ಬಾಗಿಲ ಪಕ್ಕಕ್ಕೆ ತೆಗೆಸಿದೆ. ಫೋಟೊ ಗೂಡಿಗೆ ವಾಪಸ್ಸು ಹೋಗಿದೆ. ಕರಗುವ ಭಯವಿಲ್ಲದ್ದರಿಂದ ನಿನ್ನೆ ಸಂಜೆ ಬತ್ತಿ ಹಚ್ಚಿದೆ. ಹಾಜರಿಯಲ್ಲಿ ಈಗ ನಾನೊಬ್ಬನೇ. ಮನೆ ಭಾಳ ಶಾಂತವಾಗಿದೆ. ಅಪ್ಪ ಕಟ್ಟಿದ ಗೋಡೆಗಳು ಎಂದಿನಂತೆ ಕ್ಷೇಮ.

ಒಂದು ಮಾತು. ಭಾನುವಾರ ಬಿಡುವಾದರೆ ಒಂದು ರಿಂಗ್ ಹಾಕು. ಎತ್ತುತ್ತೇನೆಂದು ಮಾತು ಕೊಡುವುದಿಲ್ಲ. ಬೀರಲಿಂಗನಿಗೂ ಈಗಲೇ ಹೇಳಿ ಗಾಬರಿಪಡಿಸಬೇಡ. ಆದರೆ ಸೈಲೆಂಟ್ ತೆಗೆದಿದ್ದೇನೆ.

ನಿನ್ನ ಅಣ್ಣ
ಅಂಬಾರಾಯ